ಗಾಜಿನ ತೊಟ್ಟಿಯಲ್ಲಿ ಹರಿಯುವ ತೊರೆ

ಕೇಳುಗರಿಗೆ ನಮಸ್ಕಾರ.

ಕೊಡಗಿನವರಿಗೆ ತೊರೆ ಹೇಗಿರುತ್ತದೆಂದು ವಿವರಿಸಬೇಕಿಲ್ಲ. ಅದರಲ್ಲಿ ಬಿದ್ದ ಎಲೆ ಒಂದೇ ದಿಕ್ಕಿಗೆ ಹೋಗುತ್ತದೆ. ಮನೆಯ ಮೀನಿನ ತೊಟ್ಟಿಯಲ್ಲಿ ಹಾಗಲ್ಲ. ಪಂಪು ಎಷ್ಟೇ ಜೋರಾಗಿರಲಿ, ನೀರು ಎದುರಿನ ಗಾಜಿಗೆ ಬಡಿದು ಸುತ್ತುತ್ತದೆ. ತೊರೆಯ ಮೀನು ಹರಿವಿಗೆ ಎದುರಾಗಿ ನಿಲ್ಲುವಂಥದ್ದು. ಹಾಗಾಗಿ ನೀರು ಒಂದೇ ಕಡೆಗೆ ಹರಿಯುವಂತೆ ಮಾಡುವುದೇ ಮನೆಯಲ್ಲಿ ತೊರೆಯ ಮೀನಿಗೆ ತೊಟ್ಟಿ ಕಟ್ಟುವವರ ಮೊದಲ ಕೆಲಸ.

ತೊಟ್ಟಿಗೆ ಎತ್ತರಕ್ಕಿಂತ ಉದ್ದ ಮುಖ್ಯ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರವಿದ್ದರೆ, ಕಲ್ಲು ಮರಳಿನ ಜಾಗ ಮತ್ತು ಮೇಲೆ ಬಿಟ್ಟ ಜಾಗ ಕಳೆದು, ಸುಮಾರು 200 ಲೀಟರ್ ನೀರು ನಿಲ್ಲುತ್ತದೆ. ಕಲ್ಲು, ಮರಳು, ಗಾಜು ಸೇರಿದರೆ ತೂಕ ಸುಮಾರು 300 ಕಿಲೋ. ಹಳೆಯ ಮನೆಯ ಮರದ ಮಾಳಿಗೆಯ ಮೇಲೆ ಖಂಡಿತ ಬೇಡ.

ತಳದಲ್ಲಿ ತೊಟ್ಟಿಯ ಉದ್ದಕ್ಕೂ ಎರಡು ಪಿವಿಸಿ ಪೈಪು ಹಾಸಿ. ಎರಡೂ ತುದಿಗೆ ಎಲ್ಬೋ ಹಾಕಿ, ಅದರ ಮೇಲೆ ಗಿಡ್ಡ ಪೈಪು ನಿಲ್ಲಿಸಿ. ಎಡತುದಿಯ ಪೈಪುಗಳಿಗೆ ರಂಧ್ರ ಕೊರೆದು ದೊಡ್ಡ ರಂಧ್ರದ ಸ್ಪಂಜು ಸಿಕ್ಕಿಸಿ. ಬಲತುದಿಯ ಒಂದೊಂದು ಪೈಪಿನ ಮೇಲೂ ಗಂಟೆಗೆ 1000 ಲೀಟರ್ ನೀರು ತಳ್ಳುವ ಪುಟ್ಟ ಮುಳುಗು ಪಂಪು, ಅಂದರೆ ಪವರ್‌ಹೆಡ್ ಕೂರಿಸಿ, ಅದರ ಬಾಯಿ ಎಡಕ್ಕಿರಲಿ. ಈಗ ನೀರು ಮೇಲೆ ಬಲದಿಂದ ಎಡಕ್ಕೆ ಹರಿದು, ಸ್ಪಂಜಿನಲ್ಲಿ ಸೋಸಿ, ಪೈಪಿನೊಳಗಿಂದ ಬಲಕ್ಕೆ ಮರಳುತ್ತದೆ. ಜೋಡಣೆಗೆ ಅಂಟು ಬೇಕಿಲ್ಲ, ಬಿಗಿಯಾಗಿ ತುರುಕಿದರೆ ಸಾಕು. ಎಲ್ಲವೂ ನೀರಿನೊಳಗೇ ಇರುವುದರಿಂದ ಒಂದು ಹನಿ ಸೋರಿದರೂ ತೊಂದರೆಯಿಲ್ಲ.

ದೊಡ್ಡ ಕಲ್ಲುಗಳನ್ನು ಮರಳು ಹಾಕುವ ಮೊದಲೇ, ತೆಳು ಫೋಮ್ ಹಾಳೆಯ ಮೇಲೆ ಇಡಿ. ಮರಳಿನ ಮೇಲಿಟ್ಟ ಕಲ್ಲಿನ ಬುಡವನ್ನು ಮೀನು ಕೆದಕಿದರೆ ಕಲ್ಲು ಉರುಳಿ ಗಾಜು ಒಡೆಯುತ್ತದೆ. ನೀರು ತುಂಬಿದ ಮೇಲೆ ಒಂದು ಚಿಟಿಕೆ ನೆನೆಸಿದ ಮೇವು ಬಿಟ್ಟು ನೋಡಿ. ಅದು ಕಲ್ಲಿನ ಮುಂದೆ ಎರಡಾಗಿ ಸೀಳಿ ಹೋಗಿ, ಹಿಂದೆ ಕ್ಷಣಕಾಲ ತೂಗಾಡಿ ಮತ್ತೆ ಸಾಗಬೇಕು. ಕಲ್ಲಿನ ಹಿಂದಿನ ಆ ನಿಂತ ನೀರೇ ಮೀನು ದಣಿವಾರಿಸಿಕೊಳ್ಳುವ ಜಾಗ.

ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ವಿಶೇಷ ಎಚ್ಚರ ವಹಿಸಬೇಕು. ಕಾಫಿಗೆ, ಕರಿಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ, ಅಂದರೆ ತಾಮ್ರ. ಮೃದು ನೀರಿನಲ್ಲಿ, ಅಂದರೆ ಸುಣ್ಣದಂಥ ಲವಣ ಕಡಿಮೆ ಇರುವ ನೀರಿನಲ್ಲಿ, ತಾಮ್ರದ ವಿಷ ಇನ್ನಷ್ಟು ತೀವ್ರ. ಬೋರ್ಡೋ ಕಲಸಿದ ಬಕೆಟ್ಟನ್ನು ಎಷ್ಟು ತೊಳೆದಿದ್ದರೂ ತೊಟ್ಟಿಗೆ ಬಳಸಬೇಡಿ. ತೋಟದ ಕೆಳಗಿನ ಹಳ್ಳದ ನೀರೂ ಬೇಡ. ಬಾವಿ ಅಥವಾ ಒರತೆಯ ನೀರು ಒಳ್ಳೆಯದು. ಆದರೆ ಅದೂ ಮೃದುವೇ. ಸ್ಪಂಜಿನಲ್ಲಿ ಬೆಳೆದು ನೀರಿನ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಹುಟ್ಟಿಸುವ ಆಮ್ಲವನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ, ಪಿಎಚ್ ಸದ್ದಿಲ್ಲದೆ ಇಳಿಯುತ್ತದೆ, ಅಂದರೆ ನೀರು ಹುಳಿಯಾಗುತ್ತದೆ. ಒಂದು ಹಿಡಿ ಕಪ್ಪೆಚಿಪ್ಪಿನ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಪಂಪಿನ ಬಳಿ ಇಟ್ಟರೆ ಸಾಕು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧಿ ಹಾಕಲೇಬೇಕು.

ಮೀನು ತರುವ ಅವಸರ ಬೇಡ. ಕೊಳೆತ ಮೇವಿನಿಂದ ಹುಟ್ಟುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಅನ್ನು ಸ್ಪಂಜಿನ ಬ್ಯಾಕ್ಟೀರಿಯಾ ಕರಗಿಸಿ, ಎರಡೂ ಸೊನ್ನೆಗೆ ಬರಲು ನಾಲ್ಕರಿಂದ ಆರು ವಾರ, ಮಡಿಕೇರಿಯ ಚಳಿಯಲ್ಲಿ ಇನ್ನೂ ಹೆಚ್ಚು. ಆಮೇಲೆ ಎಂಟು ಜೈಂಟ್ ಡ್ಯಾನಿಯೊ, ಹತ್ತು ಜೀಬ್ರಾ ಡ್ಯಾನಿಯೊ ಬಿಡಬಹುದು. ಇವು ಹಾರುತ್ತವೆ, ಮುಚ್ಚಳ ಇರಲಿ. ‘ಮಿಸ್ ಕೇರಳ’ ಎಂದು ಮಾರುವ ಡೆನಿಸನ್ ಬಾರ್ಬ್ ನಮ್ಮ ಪಶ್ಚಿಮ ಘಟ್ಟದ್ದೇ, ಅಳಿವಿನಂಚಿನದು. ಸಾಕಣೆಯಲ್ಲೇ ಮರಿಯಾದದ್ದೆಂದು ಖಚಿತವಾಗದೆ ಕೊಳ್ಳಬೇಡಿ. ಹೊಳೆಯಿಂದ ಹಿಡಿದು ತರುವುದಂತೂ ಬೇಡವೇ ಬೇಡ, ಸಾಕಿದ್ದನ್ನು ಹೊಳೆಗೆ ಬಿಡುವುದೂ ಬೇಡ.

ವಾರಕ್ಕೊಮ್ಮೆ 50 ಲೀಟರ್ ನೀರು ಬದಲಿಸಿ. ಹರಿವು ಮಂದವಾದರೆ ಪಂಪನ್ನು ಬೈಯುವ ಮೊದಲು ಸ್ಪಂಜು ನೋಡಿ. ಅದನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತವೆ.

ಇನ್ನು ಮಳೆಗಾಲ. ಮರ ಬಿದ್ದು ಲೈನು ಹೋದರೆ ನಮ್ಮಲ್ಲಿ ಕರೆಂಟು ದಿನಗಟ್ಟಲೆ ಬರುವುದಿಲ್ಲ. ಹರಿವು ನಿಂತರೆ ತೊರೆಯ ಮೀನಿಗೆ ಬೇಗ ಉಸಿರು ಕಟ್ಟುತ್ತದೆ. ಬ್ಯಾಟರಿಯ ಏರ್ ಪಂಪು ಮೇ ತಿಂಗಳಲ್ಲೇ ತಂದಿಡಿ. ಕರೆಂಟು ಇಲ್ಲದಾಗ ಮೇವು ಹಾಕಬೇಡಿ. ಕರೆಂಟು ಬಂದ ಮೇಲೆ, ತುಂಬ ಹೊತ್ತು ನೀರು ನಿಂತಿದ್ದರೆ, ಸ್ಪಂಜು ತೆಗೆದು ಮೂಸಿ. ಕೊಳೆತ ವಾಸನೆ ಇದ್ದರೆ ಹಿಂಡಿ, ಪೈಪಿನಲ್ಲಿ ನಿಂತ ನೀರನ್ನು ಹೊರಗೆ ಚೆಲ್ಲಿ, ಆಮೇಲೆ ಪಂಪು ಹಾಕಿ.

ನಮಸ್ಕಾರ.