ಚಳಿರಾತ್ರಿಯ ಆಟ, ಹಗಲಿನ ಮನೆಪಾಠ

ಎಲ್ಲರಿಗೂ ನಮಸ್ಕಾರ. ಯಕ್ಷಗಾನದ ಆಟ ಕುಣಿಯುವವರ ತಯಾರಿಯ ಬಗ್ಗೆ ಸಾಕಷ್ಟು ಮಾತಾಗಿದೆ. ನೋಡುವವರ ತಯಾರಿಯನ್ನು ಕೇಳುವವರೇ ಇಲ್ಲ. ಮಳೆ ಹೋಗಿ ಗದ್ದೆ ಒಣಗಿತೆಂದರೆ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಶನಿವಾರ ಎಲ್ಲೋ ಒಂದು ಆಟ ಇದ್ದೇ ಇರುತ್ತದೆ. ಹಗಲು ಹೇಗೂ ಮನೆಯಲ್ಲೇ ಇರುತ್ತೀರಿ. ಆ ಹಗಲಿನಿಂದಲೇ ಶುರು ಮಾಡೋಣ.

ಪ್ರಸಂಗದ, ಅಂದರೆ ಆಡುವ ಕಥೆಯ ಪದ್ಯಗಳ, ಪುಸ್ತಕ ತೆಗೆಯಿರಿ. ಪದ್ಯದ ತಲೆಯ ಮೇಲೆ ರಾಗ, ತಾಳ ಅಚ್ಚಾಗಿರುತ್ತದೆ. ಬೆರಳಲ್ಲಿ ಎಣಿಸುತ್ತ ಓದಿ: ಝಂಪೆಗೆ 10 ಮಾತ್ರೆ, ತ್ರಿವುಡೆಗೆ 7. ರಾಗ ತಿಳಿಯದಿದ್ದರೂ ನಡೆಯುತ್ತದೆ, ತಾಳ ತಪ್ಪಿದರೆ ಕುಣಿತ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯ. ಪದ್ಯದಲ್ಲಿ ಏನು ಇಲ್ಲ ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಪದ್ಯ ಕವಿಯದು, ಅರ್ಥ, ಅಂದರೆ ವೇಷಧಾರಿ ಆಡುವ ಮಾತು, ಆ ರಾತ್ರಿ ಅಲ್ಲೇ ಹುಟ್ಟುವಂಥದ್ದು. ಓದದೆ ಹೋದವರಿಗೆ ಎಲ್ಲವೂ ಕವಿಯ ಮಾತೇ ಅನ್ನಿಸುತ್ತದೆ, ವೇಷಧಾರಿಯ ಬುದ್ಧಿ ಲೆಕ್ಕಕ್ಕೇ ಬರುವುದಿಲ್ಲ.

ಗದಾಯುದ್ಧ ಪ್ರಸಂಗ ತೆಗೆದುಕೊಳ್ಳಿ. ಕೌರವ, ಅಂದರೆ ದುರ್ಯೋಧನ, ವೈಶಂಪಾಯನ ಸರೋವರಕ್ಕೆ ಇಳಿಯುವ ಮುಂಚೆ ಸಂಜಯನ ಜೊತೆಗಿನ ಭಾಗ ಇದೆಯಲ್ಲ, ಕಾಲಮಿತಿಯ ಮೂರು ಮೂರೂವರೆ ತಾಸಿನ ಆಟದಲ್ಲಿ ಮೊದಲು ಕತ್ತರಿ ಬೀಳುವುದು ಇಂಥ ಕಡೆಗೇ. ಅದು ಹಾರಿತೆಂದರೆ ನೀರಲ್ಲಿ ಅಡಗಿದವನು ಬರೀ ಹೇಡಿ. ಮುಂದೆ ಭೀಮನ ಮೂದಲಿಕೆಗೆ ಅವನು ಮೇಲೇಳುವಾಗ ಎದೆ ನಡುಗಬೇಕು, ನಡುಗುವುದಿಲ್ಲ. ಜನ ವೇಷಧಾರಿ ಸಪ್ಪೆ ಎಂದು ಎದ್ದು ಹೋಗುತ್ತಾರೆ. ತಪ್ಪು ಅವನದಲ್ಲ, ಪದ್ಯ ಹಾರಿಸಿದವರದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಕಾಲಕ್ಕೆ ಬೆಳಗಿನವರೆಗೆ ಹೊತ್ತಿತ್ತು. ಈಗ ಇಲ್ಲ, ಸರಿ. ಕತ್ತರಿಸುವವರಿಗೆ ಎಲ್ಲಿ ಕತ್ತರಿಸಬಾರದು ಎಂದಾದರೂ ಗೊತ್ತಿರಬೇಡವೇ?

ಇನ್ನು ಬಯಲಿನ ವಿಷಯ. ಶುಭ್ರ ಆಕಾಶದ, ಗಾಳಿಯಿಲ್ಲದ ಚಳಿರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಂಪು. ಮೇಲೆ ಹೋಗಬೇಕಾದ ಸದ್ದು ಬಾಗಿ ಕೆಳಗೇ ಬರುತ್ತದೆ. ಪಕ್ಕದ ಊರಿಗೂ ಚಂಡೆ ಕೇಳುವುದು ಇದರಿಂದಲೇ. ಇಷ್ಟಿದ್ದೂ ಚಂಡೆಯ ಮೂತಿಗೆ ಮೈಕ್ ಇಟ್ಟು ಪದ್ಯ ಹಾಡುವ ಭಾಗವತರ ಸಾಹಿತ್ಯವನ್ನು ಮುಳುಗಿಸುವುದು ಯಾವ ಜಾಣತನವೋ.

ಇಬ್ಬನಿಗೆ ಮದ್ದಳೆಯ ಚರ್ಮ ತೇವ ಹೀರಿ ಸಡಿಲಾಗುತ್ತದೆ, ನಾದ ಇಳಿಯುತ್ತದೆ. ಶ್ರುತಿ ಪೆಟ್ಟಿಗೆಗೆ ಚಳಿ ಇಲ್ಲ, ಅದು ಇದ್ದಲ್ಲೇ ಇರುತ್ತದೆ. ನಡುರಾತ್ರಿ ದಾಟಿದ ಮೇಲೆ ಮದ್ದಳೆಗಾರ ಅಂಚಿಗೆ ತಟ್ಟುತ್ತಿದ್ದರೆ ಬೇಸರ ಪಡಬೇಡಿ. ತಟ್ಟದಿದ್ದರೆ ಬೇಸರ ಪಡಿ.

ಕಾರವಾರದ ಕಡಲ ಬದಿಯ ಪ್ರದರ್ಶನವಾದರೆ ಲೆಕ್ಕವೇ ಬೇರೆ. ಟ್ಯಾಗೋರರು ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದ ಊರದು, ಅವರ ಹೆಸರಿನ ಕಡಲತೀರವೂ ಇದೆ. ಅಲ್ಲಿ ಸಂಜೆ ಗಾಳಿ ಕಡಲಿನಿಂದ ಬೀಸುತ್ತದೆ, ರಾತ್ರಿ ಏರಿದ ಮೇಲೆ ಘಟ್ಟದ ಕಡೆಯಿಂದ. ರಂಗದಿಂದ ನಿಮ್ಮತ್ತ ಗಾಳಿ ಬರುವ ಜಾಗ ಹಿಡಿಯಿರಿ, ಎದುರುಗಾಳಿಯಲ್ಲಿ ಮಾತು ತಲೆಯ ಮೇಲಿನಿಂದ ಹಾರಿಹೋಗುತ್ತದೆ.

ಕೊನೆಗೆ ಕಷಾಯ. ನಾಲ್ಕು ಪಾಲು ಕೊತ್ತಂಬರಿ, ಎರಡು ಪಾಲು ಜೀರಿಗೆ, ಸ್ವಲ್ಪ ಮೆಂತ್ಯ, ಕಾಳುಮೆಣಸು, ಹುರಿದು ಪುಡಿ ಮಾಡಿ ಬೆಲ್ಲ ಹಾಕಿ ಕುದಿಸಿ. ಹಾಲು ಬೆರೆಸಿ ಫ್ಲಾಸ್ಕಿಗೆ ತುಂಬಿದರೆ ನಡುರಾತ್ರಿಯ ಹೊತ್ತಿಗೆ ಬೆಲ್ಲಕ್ಕೆ ಒಡೆದಿರಬಹುದು. ಕಪ್ಪು ಕಷಾಯವನ್ನೇ ಒಯ್ಯಿರಿ.