ಗೋಂದು ಆಮೇಲೆ, ಮೊದಲು ಕೂಡಿಸಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ಲಾಸ್ಟಿಕ್ ಕಿಟ್ ತಂದು ವಿಮಾನದ ಮಾದರಿ ಕಟ್ಟುವುದು ಹೇಗೆ ಅಂತ ಹೇಳಿ ಎಂದು ಕರೆದಿದ್ದಾರೆ. ಇರುವುದು ಕೆಲವೇ ನಿಮಿಷ. ಅದಕ್ಕೇ ಒಂದೇ ವಿಮಾನ ಹಿಡಿದುಕೊಂಡಿದ್ದೇನೆ. ಎರಡನೇ ಮಹಾಯುದ್ಧದ ಜಪಾನಿನ ಝೀರೋ. ಹೇಳುವ ಮಾತೂ ಒಂದೇ. ಗೋಂದು ಆಮೇಲೆ, ಮೊದಲು ಕೂಡಿಸಿ ನೋಡಿ.

ರಜೆಯಲ್ಲಿ ಯಾರೋ ಮಾವನೋ ಚಿಕ್ಕಪ್ಪನೋ ಮಗುವಿಗೆ ಒಂದು ಡಬ್ಬಿ ತಂದುಕೊಟ್ಟರು ಅಂತ ಇಟ್ಟುಕೊಳ್ಳಿ. ಮೇಲೆ 1/48 ಅಂತ ಬರೆದಿದೆ. ಅಂದರೆ ನಿಜವಾದ ವಿಮಾನದ 48 ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಮೊದಲ ವರ್ಷಗಳ ಝೀರೋ ರೆಕ್ಕೆ ಈ ತುದಿಯಿಂದ ಆ ತುದಿಗೆ 12 ಮೀಟರ್. ನಿಮ್ಮ ಮೇಜಿನ ಮೇಲೆ ಅದು 25 ಸೆಂಟಿಮೀಟರ್. ಮಕ್ಕಳ ದೊಡ್ಡ ಸ್ಕೇಲಿಗಿಂತ ಐದು ಸೆಂಟಿಮೀಟರ್ ಕಮ್ಮಿ, ಅಷ್ಟೇ.

ಡಬ್ಬಿ ತೆಗೆದರೆ ಪ್ಲಾಸ್ಟಿಕ್ ಚೌಕಟ್ಟುಗಳು. ಮಾವಿನ ಗೊಂಚಲಿನ ಹಾಗೆ ಭಾಗಗಳು ಅದಕ್ಕೆ ಅಂಟಿಕೊಂಡಿರುತ್ತವೆ. ದಯವಿಟ್ಟು ಕೈಯಲ್ಲಿ ತಿರುಚಿ ಕೀಳಬೇಡಿ. ಸಣ್ಣ ಕಟರ್‌ನಿಂದ ಕತ್ತರಿಸಿ, ಉಳಿದ ಮೊಳಕೆಯನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಇದಾದ ಕೂಡಲೇ ಎಲ್ಲರ ಕೈ ಗೋಂದಿನ ಬಾಟಲಿಗೆ ಹೋಗುತ್ತದೆ. ಅಲ್ಲೇ ತಪ್ಪುವುದು. ಈ ಗೋಂದು ಕಾಗದ ಅಂಟಿಸುವ ಗೋಂದಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡನ್ನು ಒಂದು ಮಾಡುತ್ತದೆ. ಒಂದು ಸಲ ಕೂತರೆ ಮುಗಿಯಿತು, ಬಿಚ್ಚಲು ಬರುವುದಿಲ್ಲ.

ನಾನು ಮೊದಲು ಕಟ್ಟಿದ ಝೀರೋ ಇವತ್ತಿಗೂ ನನ್ನ ಕಪಾಟಿನಲ್ಲಿದೆ. ಎಡ ರೆಕ್ಕೆಯ ಬುಡದಲ್ಲಿ ಉಗುರು ತೂರುವಷ್ಟು ಸಂದು. ಆ ಸಂದು ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಯಾಕೆ ಗೊತ್ತಾ? ಬೇರೆ ವಿಮಾನಕ್ಕೆ ಆದರೂ ಆಗಲಿ, ಝೀರೋಗೆ ಆ ಜಾಗದಲ್ಲಿ ಸಂದು ಇರಲೇಬಾರದು. ಇದಕ್ಕೆ ಒಂದು ಕಥೆ ಇದೆ. ಹೇಳದೆ ಮುಂದೆ ಹೋಗುವುದಿಲ್ಲ.

1939ರ ಮಾರ್ಚ್. ನಗೋಯಾದ ಮಿತ್ಸುಬಿಷಿ ಕಾರ್ಖಾನೆಯಲ್ಲಿ ಮೊದಲ ವಿಮಾನ ತಯಾರಾಗಿದೆ. ವಿನ್ಯಾಸ ಜಿರೋ ಹೊರಿಕೋಶಿ ಅವರದು. ಕಾರ್ಖಾನೆ ಪಕ್ಕದಲ್ಲಿ ಹಾರಿಸುವುದಕ್ಕೆ ಜಾಗ ಇಲ್ಲ. ಕಾಗಾಮಿಗಹಾರಾ ಎಂಬ ಊರಿನ ಮೈದಾನಕ್ಕೆ ಒಯ್ಯಬೇಕು. ದಾರಿ ಹಾಳು. ಲಾರಿಗೆ ಹಾಕಿದರೆ ಆ ಕುಲುಕಾಟಕ್ಕೆ ತೆಳು ತಗಡು ಕೆಟ್ಟುಹೋಗುತ್ತದೆ. ಏನು ಮಾಡಿದರು? ಎತ್ತಿನ ಗಾಡಿ ಕಟ್ಟಿದರು! ಆ ಕಾಲಕ್ಕೆ ಜಪಾನಿನ ಅತಿ ಹೊಸ ಯುದ್ಧವಿಮಾನ ಎತ್ತಿನ ಗಾಡಿಯಲ್ಲಿ, ನಮ್ಮ ಭತ್ತದ ಮೂಟೆ ಹೋಗುವ ಹಾಗೆ, ನಿಧಾನವಾಗಿ ಹೋಯಿತು. ಏಪ್ರಿಲ್ 1ಕ್ಕೆ ಮೊದಲ ಸಲ ಹಾರಿತು. ಆಮೇಲೂ ವರ್ಷಗಟ್ಟಲೆ ಹೊಸ ವಿಮಾನಗಳು ಗಾಡಿಯಲ್ಲೇ ಹೋದವು.

ಗಾಡಿಗೆ ಹೇರಬೇಕಾದರೆ ವಿಮಾನವನ್ನು ಬಿಚ್ಚಬೇಕಲ್ವಾ? ರೆಕ್ಕೆ ಕಳಚಿರುತ್ತಾರೆ ಅಂತ ನೀವು ಅಂದುಕೊಳ್ಳುತ್ತೀರಿ. ಇಲ್ಲ! ಝೀರೋದಲ್ಲಿ ಎರಡೂ ರೆಕ್ಕೆ ಮತ್ತು ಪೈಲಟ್ ಕೂರುವ ಭಾಗ ಸೇರಿ ಒಂದೇ ಕಟ್ಟಡ. ಬಿಚ್ಚುವ ಜಾಗ ಇರುವುದು ಪೈಲಟ್ ಹಿಂದೆ. ಬಾಲದ ಕಡೆಯ ಅರ್ಧವನ್ನು ಬೋಲ್ಟ್ ತೆಗೆದು ಬೇರೆ ಮಾಡಬಹುದು. ಯಾಕೆ ಹೀಗೆ? ತೂಕ. ನೌಕಾಪಡೆಗೆ ವೇಗವೂ ಬೇಕು, ದೂರ ಹಾರುವುದೂ ಬೇಕು, ಗಿರಕಿ ಹೊಡೆಯುವುದೂ ಬೇಕು. ಇಂಜಿನ್ನಿಗೆ ಸಾವಿರ ಕುದುರೆಶಕ್ತಿಯೂ ಇಲ್ಲ. ರೆಕ್ಕೆಯನ್ನು ಮೈಗೆ ಕಚ್ಚಿಸುವ ಭಾರದ ಜೋಡಣೆಯೇ ಬೇಡ ಅಂತ ಹೊರಿಕೋಶಿ ತೆಗೆದರು. ಪೈಲಟ್ ಹಿಂದಿನ ರಕ್ಷಾಕವಚವನ್ನೂ ಇಡಲಿಲ್ಲ. ಅದರ ಬೆಲೆಯನ್ನು ಎಷ್ಟೋ ಹುಡುಗರು ಜೀವ ಕೊಟ್ಟು ತೆತ್ತರು. ಇದು ಯುದ್ಧದ ಯಂತ್ರ, ಮರೆಯಬಾರದು. 1942ರ ಏಪ್ರಿಲ್ 5ರಂದು ಕೊಲಂಬೋ ಮೇಲೆ ಬಾಂಬು ಹಾಕಲು ಬಂದ ವಿಮಾನಗಳಿಗೆ ಕಾವಲಾಗಿ ಬಂದದ್ದು ಇದೇ ಝೀರೋ.

ಈಗ ನಿಮ್ಮ ಮೇಜಿಗೆ ಬನ್ನಿ. ಕಿಟ್‌ನಲ್ಲಿ ರೆಕ್ಕೆ ಬೇರೆ, ಮೈ ಬೇರೆ. ನಿಜದಲ್ಲಿ ಒಂದೇ ಆಗಿದ್ದದ್ದನ್ನು ನೀವು ಮತ್ತೆ ಒಂದು ಮಾಡಬೇಕು. ಗೋಂದು ದೂರ ಇಡಿ. ಮೈಯ ಎರಡು ಹೋಳುಗಳನ್ನು ಟೇಪಿನಿಂದ ಕಟ್ಟಿ. ರೆಕ್ಕೆಯನ್ನು ಕೆಳಗಿನಿಂದ ಒತ್ತಿ. ಕಿಟಕಿ ಬೆಳಕಿಗೆ ಹಿಡಿಯಿರಿ. ಬುಡದಲ್ಲಿ ಬೆಳಕಿನ ಗೆರೆ ಕಾಣುತ್ತಿದೆಯಾ? ಕಂಡರೆ ಎಲ್ಲಿ ತಾಗುತ್ತಿದೆ ನೋಡಿ, ಅಲ್ಲಿ ಮಾತ್ರ ಎರಡು ಸಲ ಉಜ್ಜಿ, ಮತ್ತೆ ಕೂಡಿಸಿ. ಮತ್ತೆ ಉಜ್ಜಿ, ಮತ್ತೆ ಕೂಡಿಸಿ. ಬೆಳಕು ನಿಂತ ಮೇಲೆ ಗೋಂದು. ಪುಟ್ಟಿ ಹಾಕಿ ಮುಚ್ಚಿದರಾಯಿತು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪುಟ್ಟಿ ಉಜ್ಜುವಾಗ ಅಕ್ಕಪಕ್ಕದ ಸಣ್ಣ ಗೆರೆಗಳೆಲ್ಲ ಅಳಿಸಿಹೋಗುತ್ತವೆ.

ಒಂದು ಗೆರೆಯನ್ನಂತೂ ಮುಟ್ಟಲೇಬೇಡಿ. ಮಾಡೆಲ್ 21 ಎಂಬ ಝೀರೋ ಆದರೆ, ರೆಕ್ಕೆಯ ತುದಿಯಿಂದ ಒಂದು ಸೆಂಟಿಮೀಟರ್ ಒಳಗೆ ಒಂದು ಗೆರೆ ಇರುತ್ತದೆ. ಅದು ಮಡಚುವ ಜಾಗ. ವಿಮಾನವಾಹಕ ಹಡಗಿನ ಲಿಫ್ಟಿನಲ್ಲಿ ಹಿಡಿಸಲಿ ಅಂತ ಎರಡೂ ತುದಿಯಲ್ಲಿ ಅರ್ಧರ್ಧ ಮೀಟರ್ ಮಡಚುತ್ತಿದ್ದರು.

ಸಮಯ ಆಗುತ್ತಾ ಬಂತು, ಸನ್ನೆ ಮಾಡುತ್ತಿದ್ದಾರೆ. ಬಣ್ಣದ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ. ಮೊದಲ ವರ್ಷಗಳ ಝೀರೋಗೆ ಅಚ್ಚ ಬಿಳಿ ಬಳಿಯಬೇಡಿ. ಅದು ಹಸಿರು ಬೆರೆತ ಬೂದು. ಇಂಜಿನ್ ಮುಚ್ಚಳ ನೀಲಿ ಛಾಯೆಯ ಕಪ್ಪು. ಯುದ್ಧದ ಕೊನೆಯ ವರ್ಷಗಳದ್ದಾದರೆ ಬೆನ್ನಿಗೆ ಕಡು ಹಸಿರು. ಪೈಲಟ್ ಮೇಲಿನ ಗಾಜಿನ ಗೂಡಿಗೆ ಸೂಪರ್ ಗ್ಲೂ ಬೇಡ, ಅದರ ಆವಿಗೆ ಗಾಜು ಮಂಜಾಗುತ್ತದೆ. ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದಿಲ್ಲ. ಡಬ್ಬಿಯಲ್ಲಿ ಕಾಗದಕ್ಕೆ ಅಂಟಿ ಬರುವ ಕೆಂಪು ಸೂರ್ಯನ ಚಿತ್ರವನ್ನು, ಅಂದರೆ ಜಪಾನಿನ ಗುರುತನ್ನು, ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಕಾಗದದಿಂದ ಮೆಲ್ಲಗೆ ಜಾರಿಸಿ ರೆಕ್ಕೆ ಮೇಲೆ ಕೂರಿಸಿ. ನೆನೆಸುವ ಮುಂಚೆ ಕಾಗದದ ಸಮೇತ ರೆಕ್ಕೆ ಮೇಲಿಟ್ಟು ಜಾಗ ಸರಿಯಿದೆಯಾ ನೋಡಿಕೊಳ್ಳಿ.

ನಮಸ್ಕಾರ.