ಬಾಗಿಲಾಚೆ 12 ನಿಮಿಷ 9 ಸೆಕೆಂಡು

ಎಲ್ಲರಿಗೂ ನಮಸ್ಕಾರ.

ಗಗನಯಾತ್ರಿ ಅಂದ ಕೂಡಲೇ ನಮಗೆ ನೆನಪಾಗುವುದು ಯೂರಿ ಗಗಾರಿನ್. ಆಮೇಲೆ ನಮ್ಮ ರಾಕೇಶ್ ಶರ್ಮಾ. ಇವತ್ತು ನಾನು ಮಾತಾಡುವುದು ಇವರಿಬ್ಬರ ನಡುವೆ ಎಲ್ಲೋ ಮರೆಗೆ ಸರಿದ ಒಬ್ಬರ ಬಗ್ಗೆ. ಅಲೆಕ್ಸಿ ಲಿಯೊನೊವ್. ನೌಕೆಯ ಬಾಗಿಲು ತೆಗೆದು ಬಾಹ್ಯಾಕಾಶಕ್ಕೆ ಕಾಲಿಟ್ಟ ಮೊದಲ ಮನುಷ್ಯ. ಕಾಲಿಟ್ಟ ಅಂದೆ, ತಪ್ಪು. ಅಲ್ಲಿ ಕಾಲಿಡುವುದಕ್ಕೆ ಏನೂ ಇಲ್ಲ. ತೇಲಿದ ಮೊದಲ ಮನುಷ್ಯ ಅನ್ನೋಣ.

ಅವರು ಬಾಹ್ಯಾಕಾಶಕ್ಕೆ ಹೋಗಿದ್ದು ಎರಡೇ ಸಲ. ಒಟ್ಟು ಲೆಕ್ಕ ಹಾಕಿದರೆ ಅಲ್ಲಿ ಕಳೆದದ್ದು ಏಳು ದಿನ. ಆ ಏಳು ದಿನಕ್ಕೆ ಮೂವತ್ತು ವರ್ಷದ ನೌಕರಿ. ಮಿಕ್ಕಿದ್ದೆಲ್ಲ ತರಬೇತಿ, ಕಾಯುವುದು, ಕೈತಪ್ಪಿ ಹೋದ ಅವಕಾಶಗಳು. ನನಗೆ ಆ ಕಾಯುವಿಕೆಯೇ ಜಾಸ್ತಿ ಕಾಡುತ್ತದೆ. ಅದಕ್ಕೆ ಈ ವಿಷಯ ಆರಿಸಿಕೊಂಡೆ.

ಹುಟ್ಟಿದ್ದು 1934ರ ಮೇ 30ರಂದು, ಸೈಬೀರಿಯಾದ ಲಿಸ್ತ್ವ್ಯಾಂಕಾ ಅನ್ನುವ ಹಳ್ಳಿಯಲ್ಲಿ. ಸ್ಟಾಲಿನ್ ಕಾಲ. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ಅಪ್ಪನನ್ನು ಹಿಡಿದುಕೊಂಡು ಹೋದರು. ಆಮೇಲೆ ಅಕ್ಕಪಕ್ಕದವರೇ ಬಂದು ಮನೆಯಲ್ಲಿದ್ದದ್ದನ್ನೆಲ್ಲ ಹೊತ್ತುಕೊಂಡು ಹೋದರಂತೆ. ಅಮ್ಮ ಮಕ್ಕಳನ್ನು ಕರೆದುಕೊಂಡು ಕೆಮೆರೊವೊ ಊರಿನಲ್ಲಿದ್ದ ಮಗಳ ಮನೆ ಸೇರಿದರು. ಒಂದೇ ಕೋಣೆ, ಅದರ ತುಂಬ ಜನ. ಕೊನೆಗೆ ಅಪ್ಪ ಬಿಡುಗಡೆಯಾಗಿ ಬಂದರು.

ಈ ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ರಷ್ಯನ್ನರ ಮನೆಗಳಲ್ಲಿ ಚಳಿ ಕಾಯಿಸಲು ದೊಡ್ಡ ಒಲೆ ಇರುತ್ತದೆ, ಸುಣ್ಣ ಬಳಿದ ಬಿಳಿ ಒಲೆ. ಅದರ ಮೇಲೆ ಚಿತ್ರ ಬಿಡಿಸುತ್ತಿದ್ದ. ದೊಡ್ಡವನಾದ ಮೇಲೆ ರೀಗಾದ ಕಲಾ ಅಕಾಡೆಮಿಗೆ ಹೋದ. ಅಲ್ಲಿ ಓದಬೇಕೆಂದರೆ ಬಾಡಿಗೆಗೆ, ಊಟಕ್ಕೆ ದುಡ್ಡು ಬೇಕಲ್ಲ? ಇರಲಿಲ್ಲ. ವಾಯುಪಡೆಯ ತರಬೇತಿಗೆ ಹೋದರೆ ಊಟ, ಬಟ್ಟೆ, ವಸತಿ ಎಲ್ಲ ಸರ್ಕಾರದ್ದೇ. ಹಾಗೆ ಪೈಲಟ್ ಆದರು. 1960ರಲ್ಲಿ ಸೋವಿಯತ್ ಒಕ್ಕೂಟ ಮೊದಲ 20 ಗಗನಯಾತ್ರಿಗಳನ್ನು ಆರಿಸಿತು. ಗಗಾರಿನ್ ಇದ್ದ ಅದೇ ತಂಡದಲ್ಲಿ ಇವರೂ ಇದ್ದರು.

ಈಗ 1965ರ ಮಾರ್ಚ್ 18ಕ್ಕೆ ಬರೋಣ. ವಸ್ಖೋದ್-2 ನೌಕೆ. ಒಳಗೆ ಇಬ್ಬರು. ಪಾವೆಲ್ ಬೆಲ್ಯಾಯೆವ್ ನಾಯಕ, ಲಿಯೊನೊವ್ ಜೊತೆಗಾರ. ಅಮೆರಿಕದವರು ಆ ವರ್ಷವೇ ನೌಕೆಯಿಂದ ಹೊರಗೆ ಬರಲು ಹೊರಟಿದ್ದರು, ಇವರಿಗೆ ಅದಕ್ಕಿಂತ ಮೊದಲು ಮಾಡಬೇಕು. ಒಂದು ತೊಡಕಿತ್ತು. ಅಮೆರಿಕದ ಜೆಮಿನಿ ನೌಕೆಯಲ್ಲಿ ಇಡೀ ಕ್ಯಾಬಿನ್ನಿನ ಗಾಳಿ ಹೊರಗೆ ಬಿಟ್ಟು ಬಾಗಿಲು ತೆಗೆಯಬಹುದು. ವಸ್ಖೋದ್‌ನ ಉಪಕರಣಗಳು ತಣ್ಣಗಿರುವುದೇ ಗಾಳಿಯಿಂದ. ಗಾಳಿ ಹೋದರೆ ಅವೂ ಕೆಟ್ಟುಹೋಗುತ್ತವೆ. ಅದಕ್ಕೆ ನೌಕೆಯ ಪಕ್ಕಕ್ಕೆ ರಬ್ಬರಿನ ಒಂದು ಕೊಳವೆ ಅಂಟಿಸಿದರು. ಕಕ್ಷೆಗೆ ಹೋದ ಮೇಲೆ ಗಾಳಿ ತುಂಬಿ ಅದನ್ನು ಉಬ್ಬಿಸುವುದು. ಉದ್ದ ಎರಡೂವರೆ ಮೀಟರ್, ಒಳಗಿನ ಅಗಲ ಸುಮಾರು ಒಂದು ಮೀಟರ್. ಅದರೊಳಗೆ ನುಸುಳಿ, ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲು ತೆಗೆದು ಹೊರಗೆ ಹೋಗಬೇಕು.

ಹೋದರು. ಐದು ಮೀಟರಿನ ಒಂದು ಹಗ್ಗ ಬಿಟ್ಟರೆ ಬೇರೆ ಆಸರೆ ಇಲ್ಲ. ಕೆಳಗೆ ಕಪ್ಪು ಸಮುದ್ರ ಕಾಣುತ್ತಿತ್ತು ಅಂತ ಅವರು ಆಮೇಲೆ ಹೇಳಿದ್ದಾರೆ. ಇತ್ತ ಊರಲ್ಲಿ ಟೀವಿ ಮುಂದೆ ಮನೆಯವರು. ನಾಲ್ಕು ವರ್ಷದ ಮಗಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳಂತೆ. ಲಿಯೊನೊವ್ ಅವರ ಅಪ್ಪನಿಗೆ ಸಿಟ್ಟು. ಬೇರೆಯವರೆಲ್ಲ ಒಳಗೇ ಕೂತು ಕೆಲಸ ಮುಗಿಸಿ ಬರುತ್ತಾರೆ, ಇವನೇಕೆ ಹೊರಗೆ ಹೋಗಿ ಓಡಾಡುತ್ತಿದ್ದಾನೆ, ಯಾರಾದರೂ ಒಳಗೆ ಕರೆಯಿರಿ ಅಂತ ಗೊಣಗುತ್ತಿದ್ದರಂತೆ. ನಮ್ಮಪ್ಪ ಇದ್ದಿದ್ದರೂ ಇದೇ ಮಾತು ಹೇಳುತ್ತಿದ್ದರು, ಸಂಶಯವಿಲ್ಲ.

ತೊಂದರೆ ಶುರುವಾದದ್ದು ವಾಪಸು ಬರುವಾಗ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಾಗ ಏನಾಗುತ್ತದೆ? ಊದಿಕೊಂಡು ಗಟ್ಟಿಯಾಗುತ್ತದೆ, ಮಡಚುವುದಕ್ಕೆ ಬರುವುದಿಲ್ಲ. ಅವರ ಉಡುಪಿಗೂ ಅದೇ ಆಯಿತು. ಒಳಗೆ ಒತ್ತಡ, ಹೊರಗೆ ಏನೇನೂ ಇಲ್ಲ. ಉಡುಪು ಊದಿತು. ಬೆರಳುಗಳು ಗ್ಲೌಸಿನ ತುದಿ ಬಿಟ್ಟು ಹಿಂದೆ ಸರಿದವು. ಪಾದಗಳು ಬೂಟಿನಿಂದ ಮೇಲೆ ಬಂದವು. ಎದೆಯ ಮೇಲಿದ್ದ ಕ್ಯಾಮೆರಾಗೆ ತೊಡೆಯ ಹತ್ತಿರ ಒಂದು ಸ್ವಿಚ್ಚಿತ್ತು. ಕೈ ಅಲ್ಲಿಗೆ ಎಟುಕಲೇ ಇಲ್ಲ. ಹಾಗಾಗಿ ಮನುಷ್ಯ ಮೊದಲ ಬಾರಿ ಬಾಹ್ಯಾಕಾಶದಲ್ಲಿ ತೇಲುತ್ತ ಒಂದು ಫೋಟೋನೂ ತೆಗೆಯಲಿಲ್ಲ. ಸೆಲ್ಫಿ ಕಾಲದವರು ಮರುಗಬೇಕಾದ ವಿಷಯ.

ಕೊಳವೆಯೊಳಗೆ ಕಾಲು ಮೊದಲು ಹಾಕಿ ಬರಬೇಕು ಅನ್ನುವುದು ನಿಯಮ. ಈ ಊದಿದ ಮೈಯಲ್ಲಿ ಅದು ಆಗದ ಮಾತು. ಇನ್ನು ಕೆಲವೇ ನಿಮಿಷದಲ್ಲಿ ನೌಕೆ ಭೂಮಿಯ ನೆರಳಿಗೆ ಹೋಗುತ್ತದೆ, ಕಗ್ಗತ್ತಲೆ. ಆಗ ಅವರು ಒಂದು ಕೆಲಸ ಮಾಡಿದರು. ಭೂಮಿಯಲ್ಲಿದ್ದವರಿಗೆ ಹೇಳದೆ, ಉಡುಪಿನ ವಾಲ್ವ್ ತಿರುಗಿಸಿ ಒಳಗಿನ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಿಟ್ಟರು. ಜಾಸ್ತಿ ಬಿಟ್ಟರೆ ರಕ್ತದಲ್ಲಿ ಗುಳ್ಳೆ ಏಳಬಹುದು. ಹೇಳಿದ್ದರೆ ಏನಾಗುತ್ತಿತ್ತು ಗೊತ್ತಾ? ಕೆಳಗೆ ಚರ್ಚೆ ಶುರುವಾಗುತ್ತಿತ್ತು. ಮೇಲಿನವರನ್ನು ಕೇಳಿ ಹೇಳುತ್ತೇವೆ ಅನ್ನುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಒಮ್ಮೆಯಾದರೂ ಫೈಲು ಹಿಡಿದು ನಿಂತವರಿಗೆ ಅವರ ಮೌನ ಚೆನ್ನಾಗಿ ಅರ್ಥವಾಗುತ್ತದೆ.

ಉಡುಪು ಸಡಿಲವಾಯಿತು. ಆದರೂ ಕಾಲು ಮೊದಲು ಆಗಲಿಲ್ಲ, ತಲೆ ಮೊದಲು ತೂರಿದರು. ಒಳಗೆ ಹೋದ ಮೇಲೆ ಹೊರಬಾಗಿಲು ಮುಚ್ಚುವುದಕ್ಕೆ ಆ ಒಂದು ಮೀಟರ್ ಅಗಲದಲ್ಲೇ ಮೈ ಮಡಚಿ ತಿರುಗಬೇಕು. ತಿರುಗಿದರು. ಬೆವರು ಕಣ್ಣಿಗಿಳಿಯುತ್ತಿತ್ತು. ಮೈಬಿಸಿ 1.8 ಡಿಗ್ರಿ ಸೆಲ್ಸಿಯಸ್ ಏರಿತ್ತು. ಹೊರಗೆ ಇದ್ದದ್ದು 12 ನಿಮಿಷ 9 ಸೆಕೆಂಡು.

ಇಷ್ಟಾದ ಮೇಲೆ ಇನ್ನೊಂದು ಕೆಲಸ ಉಳಿದಿತ್ತು, ನನಗೆ ಬಹಳ ಇಷ್ಟವಾದದ್ದು. ಅವರು ಬಣ್ಣದ ಪೆನ್ಸಿಲ್ ತಂದಿದ್ದರು. ತೇಲಿ ಹೋಗದ ಹಾಗೆ ಒಂದೊಂದಕ್ಕೂ ದಾರ ಕಟ್ಟಿದ್ದರು. ಒಳಗೆ ಕೂತು ಸೂರ್ಯೋದಯ ಬರೆದರು. ಬಾಹ್ಯಾಕಾಶದಲ್ಲಿ ಮನುಷ್ಯ ಬರೆದ ಮೊದಲ ಚಿತ್ರ ಅದು. ಬಾಗಿದ ಭೂಮಿ, ಅದರ ಅಂಚಿನಲ್ಲಿ ಬಣ್ಣಬಣ್ಣದ ಪಟ್ಟಿ. ದುಡ್ಡಿಲ್ಲದೆ ರೀಗಾ ಬಿಟ್ಟು ಬಂದವರು ಅಲ್ವಾ!

ಇಳಿಯುವಾಗ ಯಂತ್ರ ಕೈಕೊಟ್ಟಿತು. ತಾನಾಗಿಯೇ ಇಳಿಸಬೇಕಾದ ವ್ಯವಸ್ಥೆ ಕೆಲಸ ಮಾಡಲಿಲ್ಲ. ಬೆಲ್ಯಾಯೆವ್ ಕೈಯಿಂದಲೇ ನೌಕೆ ನಡೆಸಬೇಕಾಯಿತು. ಕಿಟಕಿಯಲ್ಲಿ ನೋಡಿ ದಿಕ್ಕು ಹಿಡಿಯಲು ಇಬ್ಬರೂ ಸೀಟಿಗೆ ಅಡ್ಡವಾಗಿ ಬಾಗಬೇಕು, ಎಂಜಿನ್ ಉರಿಸುವ ಮೊದಲು ಮತ್ತೆ ಸೀಟಿಗೆ ಮರಳಬೇಕು. ಅದರಲ್ಲಿ 46 ಸೆಕೆಂಡು ತಡವಾಯಿತು. ನೆಲದ ಮೇಲೆ ಆ 46 ಸೆಕೆಂಡು ಅಂದರೆ ನೂರಾರು ಕಿಲೋಮೀಟರ್. ಇಳಿದದ್ದು ಪೆರ್ಮ್ ಕಡೆಯ ದಟ್ಟ ಕಾಡಿನಲ್ಲಿ, ಆಳ ಹಿಮದ ನಡುವೆ. ಬೆವರು ಉಡುಪಿನೊಳಗೆ ನೀರಿನ ಹಾಗೆ ನಿಂತಿತ್ತು. ಆ ಚಳಿಯಲ್ಲಿ ಬಟ್ಟೆ ಬಿಚ್ಚಿ, ಹಿಂಡಿ, ಮತ್ತೆ ಹಾಕಿಕೊಂಡರು. ಮರಗಳ ನಡುವೆ ಹೆಲಿಕಾಪ್ಟರ್ ಇಳಿಯಲು ಜಾಗವಿಲ್ಲ. ಮೇಲಿನಿಂದ ಬೆಚ್ಚನೆ ಬಟ್ಟೆ, ಕೊಡಲಿ, ಒಂದು ಕೊನ್ಯಾಕ್ ಬಾಟಲಿ ಎಸೆದರು. ಬಾಟಲಿ ಒಡೆದು ಹೋಯಿತು. ಎರಡು ರಾತ್ರಿ ಅಲ್ಲೇ ಕಳೆದು, ಸ್ಕೀ ಕಟ್ಟಿಕೊಂಡು ಒಂಬತ್ತು ಕಿಲೋಮೀಟರ್ ಹೋಗಿ ಹೆಲಿಕಾಪ್ಟರ್ ಹತ್ತಿದರು. ಜಗತ್ತಿಗೆ ಹೇಳಿದ್ದು ಮಾತ್ರ, ಎಲ್ಲ ಸುಸೂತ್ರವಾಯಿತು ಅಂತ.

ಅಲ್ಲಿಂದ ಹತ್ತು ವರ್ಷ ಕಾಯುವುದೇ ಆಯಿತು. ಚಂದ್ರನ ಮೇಲೆ ಇಳಿಯುವ ಮೊದಲ ಸೋವಿಯತ್ ಮನುಷ್ಯ ಇವರೇ ಆಗಬೇಕು ಅಂತ ತಯಾರಿ ನಡೆದಿತ್ತು. ಅವರ ಚಂದ್ರನೌಕೆಯಲ್ಲಿ ಒಬ್ಬರಿಗಷ್ಟೇ ಜಾಗ. ಎಂಜಿನ್ ಬಂದ್ ಮಾಡಿದ ಹೆಲಿಕಾಪ್ಟರ್ ಇಳಿಸುವ ಅಭ್ಯಾಸವನ್ನೂ ಮಾಡಿದರು. ಆದರೆ ಅದಕ್ಕಾಗಿ ಕಟ್ಟಿದ ಎನ್-1 ರಾಕೆಟ್ ನಾಲ್ಕು ಸಲ ಹಾರಿಸಿದರು, ನಾಲ್ಕು ಸಲವೂ ಸೋತಿತು. ಅಷ್ಟರಲ್ಲಿ 1969ರ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್ ಹೋಗಿ ಇಳಿದೇ ಬಿಟ್ಟರು. ಅದೇ ವರ್ಷ ಜನವರಿಯಲ್ಲಿ ಕ್ರೆಮ್ಲಿನ್ ಬಾಗಿಲಲ್ಲಿ ಸೋವಿಯತ್ ನಾಯಕ ಬ್ರೆಜ್ನೆವ್‌ಗೆ ಅಂತ ಒಬ್ಬ ಹೊಡೆದ ಗುಂಡು ಬಿದ್ದದ್ದು ಲಿಯೊನೊವ್ ಕೂತಿದ್ದ ಕಾರಿಗೆ. ಚಾಲಕ ಸತ್ತರು, ಇವರು ಉಳಿದರು.

1971ರದ್ದು ಇನ್ನೂ ವಿಚಿತ್ರ. ಸೊಯುಜ್-11 ನೌಕೆಗೆ ಇವರೇ ನಾಯಕ. ಹೊರಡಲು ಕೆಲವೇ ದಿನ ಇರುವಾಗ ಜೊತೆಗಾರ ಕುಬಾಸೊವ್ ಅವರ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಒಂದು ಚುಕ್ಕೆ. ಕ್ಷಯ ಇರಬಹುದು ಅಂತ ಇಡೀ ತಂಡವನ್ನೇ ಕೆಳಗಿಳಿಸಿದರು. ಬದಲಿಗೆ ದೊಬ್ರೊವೊಲ್ಸ್ಕಿ, ವೋಲ್ಕೊವ್, ಪತ್ಸಾಯೆವ್ ಹೋದರು. ಜೂನ್ 30ರಂದು ಮರಳುವಾಗ ಒಂದು ವಾಲ್ವ್ ಮೇಲೇ ತೆರೆದುಕೊಂಡು ಕ್ಯಾಬಿನ್ನಿನ ಗಾಳಿ ಹೋಯಿತು. ಮೂವರೂ ತೀರಿಕೊಂಡರು. ಕುಬಾಸೊವ್‌ಗೆ ಕ್ಷಯ ಇರಲೇ ಇಲ್ಲ. ಇಂಥ ಬದುಕುಳಿಯುವಿಕೆಗೆ ಅದೃಷ್ಟ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅದೇ ಕುಬಾಸೊವ್ ಜೊತೆ 1975ರ ಜುಲೈನಲ್ಲಿ ಕೊನೆಗೂ ಹಾರಿದರು. ಈ ಸಲ ಅಮೆರಿಕದ ಅಪೊಲೊ ನೌಕೆಗೆ ಸೊಯುಜ್ ಜೋಡಿಸುವ ಕೆಲಸ. ಜುಲೈ 17ರಂದು ಬಾಗಿಲು ತೆರೆದು ಅಪೊಲೊ ನಾಯಕ ಟಾಮ್ ಸ್ಟಾಫರ್ಡ್ ಅವರ ಕೈ ಕುಲುಕಿದರು. ಇಬ್ಬರೂ ಪರಸ್ಪರರ ಭಾಷೆ ಕಲಿತಿದ್ದರು. ಸ್ಟಾಫರ್ಡ್ ಓಕ್ಲಹೋಮಾದವರು. ಇಲ್ಲಿ ಮೂರು ಭಾಷೆ ನಡೆಯುತ್ತದೆ, ರಷ್ಯನ್, ಇಂಗ್ಲಿಷ್, ಓಕ್ಲಹೋಮ್ಸ್ಕಿ ಅಂತ ಲಿಯೊನೊವ್ ಅವರ ಉಚ್ಚಾರ ಹಿಡಿದು ಚುಡಾಯಿಸುತ್ತಿದ್ದರು. ಊಟಕ್ಕೆ ಕೂತಾಗ ವೋಡ್ಕಾ ಚೀಟಿ ಅಂಟಿಸಿದ ಟ್ಯೂಬುಗಳನ್ನು ಅತಿಥಿಗಳ ಕೈಗಿಟ್ಟರು. ಅಮೆರಿಕದವರು ಹಿಂದುಮುಂದು ನೋಡಿ ಬಾಯಿಗಿಟ್ಟರೆ ಒಳಗಿದ್ದದ್ದು ಬೋರ್ಷ್ಟ್, ಬೀಟ್‌ರೂಟ್ ಸಾರು. ಅಲ್ಲೂ ಪೆನ್ಸಿಲ್ ಬಿಡಲಿಲ್ಲ, ಜೊತೆಯವರ ಮುಖಗಳನ್ನು ಬರೆದರು.

ಆಮೇಲೆ 1991ರವರೆಗೆ ಮಾಸ್ಕೋ ಹತ್ತಿರದ ಗಗಾರಿನ್ ತರಬೇತಿ ಕೇಂದ್ರದ ಉಪಮುಖ್ಯಸ್ಥರಾಗಿದ್ದರು. 1984ರಲ್ಲಿ ಹಾರಿದ ರಾಕೇಶ್ ಶರ್ಮಾ, ಅವರಿಗೆ ಮೀಸಲಾಗಿದ್ದ ರವೀಶ್ ಮಲ್ಹೋತ್ರಾ ಪಳಗಿದ್ದು ಅದೇ ಕೇಂದ್ರದಲ್ಲಿ. ನಮ್ಮ ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ಪೈಲಟ್‌ಗಳೂ ಬೆಂಗಳೂರಿನ ತರಬೇತಿಗೆ ಮೊದಲು ಅಲ್ಲಿಗೇ ಹೋಗಿ ಬಂದವರು.

ಲಿಯೊನೊವ್ ತೀರಿಕೊಂಡದ್ದು 2019ರ ಅಕ್ಟೋಬರ್ 11ರಂದು, 85ನೇ ವಯಸ್ಸಿನಲ್ಲಿ. ಆ ಹೊತ್ತಿಗೆ ನಾಸಾ ಟೀವಿಯಲ್ಲಿ ನೇರ ಪ್ರಸಾರ ನಡೆಯುತ್ತಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಆಂಡ್ರ್ಯೂ ಮಾರ್ಗನ್ ಮತ್ತು ಕ್ರಿಸ್ಟಿನಾ ಕೋಕ್ ಬ್ಯಾಟರಿ ಬದಲಿಸುತ್ತಿದ್ದರು. ಪ್ರಸಾರದ ನಡುವೆಯೇ ಸುದ್ದಿ ಹೇಳಿದರು. ಹೊರಗಿದ್ದ ಇಬ್ಬರೂ ಬ್ಯಾಟರಿ ಕೆಲಸ ಮುಗಿಸಿಕೊಂಡೇ ಒಳಗೆ ಬಂದರು.